ಬಿಡಲಿಕ್ಕೂ ಬರುವ ಗಾಳ

ಬೆಸ ಸಂಖ್ಯೆಯ ವರ್ಷಗಳಲ್ಲಿ, ಆಗಸ್ಟ್ ತಿಂಗಳು ಅರ್ಧ ಕಳೆಯುವ ಹೊತ್ತಿಗೆ, ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿಗೆ ಪಿಂಕ್ ಸಾಲ್ಮನ್‌ಗಳು ಹಿಂಡುಹಿಂಡಾಗಿ ಬರುತ್ತವೆ. ಸಮ ವರ್ಷಗಳಲ್ಲಿ ಅವು ಬರುವುದೇ ಇಲ್ಲವೆನ್ನುವಷ್ಟು ಕಡಿಮೆ. ಈ ಮೀನಿನ ಆಯುಸ್ಸು ಎರಡೇ ವರ್ಷ. ಬೆಸ ವರ್ಷದಲ್ಲಿ ನದಿ ಹತ್ತಿ ಮೊಟ್ಟೆಯಿಟ್ಟು ಸತ್ತವುಗಳ ಸಂತತಿ ಮತ್ತೊಂದು ಬೆಸ ವರ್ಷಕ್ಕೇ ಹಿಂದಿರುಗುತ್ತದೆ. ನಾನು ಕೆಲಸಕ್ಕೆಂದು ಆ ಊರು ಸೇರಿದ್ದು ಅಂಥದೊಂದು ವರ್ಷದಲ್ಲಿ. ಲಿಂಕನ್ ಪಾರ್ಕಿನ ಕಲ್ಲುದಂಡೆಯಲ್ಲಿ ಬೆಳಕು ಹರಿಯುವ ಮೊದಲೇ ಜನ ಸಾಲಾಗಿ ನಿಂತಿರುತ್ತಿದ್ದರು. ಎಲ್ಲರ ದಾರದ ತುದಿಯಲ್ಲೂ ಗುಲಾಬಿ ಬಣ್ಣದ ತಗಡೋ ಸೀಸದ ತುಂಡೋ ಇರುತ್ತಿತ್ತು. ನೀರಿನಿಂದ ಒಂದೊಂದೇ ಮೀನು ಹಾರಿ ಬೀಳುತ್ತಿದ್ದುದನ್ನು ನೋಡಿದ ಮೇಲೆ, ತೀರ್ಥಹಳ್ಳಿ ಕಡೆಯ ಹೊಳೆದಂಡೆಯಲ್ಲಿ ಬೆಳೆದವನಿಗೆ ಬರಿಗೈಯಲ್ಲಿ ಮನೆಗೆ ಹೋಗುವುದು ಸಾಧ್ಯವಿರಲಿಲ್ಲ. ಅಲ್ಲಿಂದ ನೇರ ಗಾಳದ ಅಂಗಡಿಗೆ ಹೋದೆ.

ನಮ್ಮೂರಿನಲ್ಲಿ ಗಾಳ ಆರಿಸುವುದು ಒಂದು ಕೆಲಸವೇ ಆಗಿರಲಿಲ್ಲ. ಸಂತೆಯಲ್ಲಿ ಕಾಗದದ ಪೊಟ್ಟಣದಲ್ಲಿ ಸಿಗುತ್ತಿದ್ದದ್ದು ಸಣ್ಣದು, ನಡುವಿನದು, ಬಾಳೆಮೀನಿಗೆ ದೊಡ್ಡದು. ನೈಲಾನ್ ದಾರ ಎರಡು ದಪ್ಪದಲ್ಲಿ. ವಾಟೆಬಿದಿರಿನ ಕೋಲು, ನವಿಲುಗರಿಯ ದಂಟಿನ ಬೆಂಡು, ಗೊಬ್ಬರಗುಂಡಿಯ ಎರೆಹುಳ, ಇಷ್ಟಾದರೆ ಆಯಿತು. ಗಾಳದಿಂದ ನಾವು ಬಯಸುತ್ತಿದ್ದದ್ದು ಒಂದೇ: ಚುಚ್ಚಿದ್ದು ಬಿಡಬಾರದು. ಅದಕ್ಕಾಗಿಯೇ ಮೊನೆಯ ಒಳಗಡೆ ಹಿಂದಕ್ಕೆ ತಿರುಗಿದ ಆ ಮುಳ್ಳು. ಅಪ್ಪಯ್ಯ ಹೊಸ ಗಾಳ ಕೊಂಡರೆ ಮೊದಲು ಉಗುರಿನಿಂದ ಆ ಮುಳ್ಳನ್ನು ಮೀಟಿ ನೋಡುತ್ತಿದ್ದರು. ಮುಳ್ಳು ಮೊಂಡಾಗಿದ್ದರೆ ಪೊಟ್ಟಣ ವಾಪಸ್.

ಸಿಯಾಟಲ್‌ನ ಅಂಗಡಿಯಲ್ಲಿ ಒಂದು ಇಡೀ ಗೋಡೆ ಗಾಳಗಳದ್ದೇ. ಕೌಂಟರಿನ ಹಿಂದೆ ಒಬ್ಬ ಮುದುಕ ಇದ್ದ. ದೋಣಿ ಕಟ್ಟುವ ಕೆಲಸದಿಂದ ನಿವೃತ್ತನಾಗಿ, ವಾರದಲ್ಲಿ ಕೆಲವು ದಿನ ಅಲ್ಲಿ ಕೂರುತ್ತಿದ್ದವ. ನಾನು ಸಾಲ್ಮನ್ ಗಾಳ ಬೇಕೆಂದೆ. ಅವನು ಗೋಡೆಯ ಕಡೆ ತಿರುಗಲೇ ಇಲ್ಲ. ಯಾವ ಸಾಲ್ಮನ್, ದಂಡೆಯಿಂದಲೋ ದೋಣಿಯಿಂದಲೋ ಎಂದು ಕೇಳಿದ. ಆಮೇಲೆ ಕೇಳಿದ್ದು ನಾನು ಅದುವರೆಗೆ ಯಾರ ಬಾಯಲ್ಲೂ ಕೇಳದ ಪ್ರಶ್ನೆ: "ಸಿಕ್ಕ ಮೀನನ್ನು ಬಿಡಬೇಕಾಗಿ ಬಂದರೆ ಹೇಗೆ ಬಿಡುತ್ತೀ?"

ಆ ಪ್ರಶ್ನೆಯ ಹಿಂದೆ ಒಂದು ದೊಡ್ಡ ಕಥೆ ಇದೆ. ಪ್ಯೂಜೆಟ್ ಸೌಂಡ್‌ನ ಚಿನೂಕ್ ಸಾಲ್ಮನ್ ಅಳಿವಿನಂಚಿಗೆ ಸರಿಯುತ್ತಿದೆ ಎಂದು ಅಮೆರಿಕದ ಕೇಂದ್ರ ಸರ್ಕಾರ 1999ರಲ್ಲಿ ಅದನ್ನು ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿತು. ಅಣೆಕಟ್ಟು, ಕಾಡು ಕಡಿತ, ನದಿಮುಖಗಳಲ್ಲಿ ಎದ್ದ ಬಂದರು ಮತ್ತು ಕಾರ್ಖಾನೆ, ಅತಿಯಾದ ಬೇಟೆ, ಎಲ್ಲವೂ ಸೇರಿ ಆದ ನಷ್ಟ ಅದು. ಮೀನು ಹಿಡಿಯುವ ಹಕ್ಕಿಗಾಗಿ ಆ ನಾಡಿನ ಮೂಲನಿವಾಸಿಗಳು ದಶಕಗಳ ಕಾಲ ಹೋರಾಡಿದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಅದಕ್ಕಾಗಿ ಮತ್ತೆಮತ್ತೆ ಬಂಧನಕ್ಕೊಳಗಾದರು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು ಎಂದು 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು. ಇವೆಲ್ಲದರ ನಂತರ ಉಳಿದ ಪಾಲಿನಲ್ಲಿ ನನ್ನಂಥವನು ಒಂದು ಮೀನು ಹಿಡಿಯುತ್ತಾನೆ. ಮರಿ ಸಾಕುವ ಕೇಂದ್ರಗಳಲ್ಲಿ ಬೆಳೆಸಿದ ಮೀನುಗಳಿಗೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇರುವ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿ ಬಿಟ್ಟಿರುತ್ತಾರೆ. ರೆಕ್ಕೆ ಇಲ್ಲದಿದ್ದರೆ ಸಾಕಿದ್ದು, ಮನೆಗೆ ಒಯ್ಯಬಹುದು. ರೆಕ್ಕೆ ಇದ್ದರೆ ಅದು ನದಿಯಲ್ಲೇ ಹುಟ್ಟಿದ್ದು ಎಂದೆಣಿಸಿ, ಬಹಳಷ್ಟು ಕಡೆ ಬಿಡಲೇಬೇಕು, ನೀರಿನಿಂದ ಪೂರ್ತಿ ಮೇಲೆತ್ತದೆ ಬಿಡಬೇಕು. ಗಾಳಕ್ಕೆ ಕಚ್ಚುವಾಗ ಮೀನು ತನ್ನ ರೆಕ್ಕೆ ತೋರಿಸುವುದಿಲ್ಲ. ಯಾವುದು ಸಿಗುತ್ತದೆಂದು ಗೊತ್ತಾಗುವ ಮೊದಲೇ ಗಾಳವನ್ನೂ ದಾರವನ್ನೂ ಆರಿಸಿರಬೇಕು.

ಮುದುಕ ನನಗೆ ಕೊಟ್ಟಿದ್ದು ಮುಳ್ಳಿಲ್ಲದ ಒಂಟಿ ಗಾಳ. ಪ್ಯೂಜೆಟ್ ಸೌಂಡ್‌ನ ಕಡಲಿನಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಗಾಳವೇ ಕಾನೂನು. ಅಂಗಡಿಯಲ್ಲಿ ಸಿಗುವ ಎಷ್ಟೋ ಆಮಿಷಗಳಲ್ಲಿ ಮೂರು ಮೊನೆಯ ಗಾಳ ಜೋಡಿಸಿರುತ್ತಾರೆ. ಅವನು ಅದನ್ನು ಇಕ್ಕಳದಲ್ಲಿ ಕತ್ತರಿಸಿ ತೆಗೆದು, ಕಣ್ಣು ತೆರೆದಿರುವ ಉದ್ದ ಕಾಲಿನ ಒಂಟಿ ಗಾಳವನ್ನು ಸಿಕ್ಕಿಸಿ, ಕಣ್ಣನ್ನು ಒತ್ತಿ ಮುಚ್ಚಿದ. ಮೂರು ಮೊನೆಯದು ಮೀನಿನ ಬಾಯಿಯ ಒಳಗೂ ಹೊರಗೂ ಒಮ್ಮೆಲೇ ಸಿಕ್ಕಿಕೊಳ್ಳುತ್ತದೆ, ಕಣ್ಣಿಗೂ ಕಿವಿರಿಗೂ ತಾಗುತ್ತದೆ. ಬಿಡಿಸಿಕೊಳ್ಳುವ ಹೊತ್ತಿಗೆ ಮೀನು ಅರ್ಧ ಸತ್ತಿರುತ್ತದೆ. ಒಂಟಿ ಗಾಳ ಸಾಮಾನ್ಯವಾಗಿ ದವಡೆಯ ಮೂಲೆಯಲ್ಲಿ ನಿಲ್ಲುತ್ತದೆ. ಇಕ್ಕಳದಿಂದ ಹಿಡಿದು ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ.

ಗಾಳದ ಅಳತೆಯ ಲೆಕ್ಕ ಹೊಸಬರನ್ನು ಗೊಂದಲಕ್ಕೆ ಬೀಳಿಸುತ್ತದೆ. 6, 4, 2, 1 ಎಂದು ಸಂಖ್ಯೆ ಇಳಿದಂತೆ ಗಾಳ ದೊಡ್ಡದಾಗುತ್ತದೆ. ಒಂದನ್ನು ದಾಟಿದ ಮೇಲೆ ಸೊನ್ನೆ ಸೇರಿಕೊಂಡು 1/0, 2/0, 3/0 ಎಂದು ಏರಿದಂತೆ ಇನ್ನೂ ದೊಡ್ಡದು. ಎರಡು ಕಿಲೋ ಆಸುಪಾಸಿನ ಪಿಂಕ್ ಸಾಲ್ಮನ್‌ಗೆ ನಾನು 1/0 ದಾಟುವುದಿಲ್ಲ. ಅದರ ಬಾಯಿ ಮೆದು, ದೊಡ್ಡ ಗಾಳ ಸೀಳಿಬಿಡುತ್ತದೆ. ಕೋಹೋ ಸಾಲ್ಮನ್‌ಗೆ 2/0 ಅಥವಾ 3/0. ಅದು ಗಾಳ ತಾಗಿದೊಡನೆ ನೀರಿನಲ್ಲಿ ಉರುಳುತ್ತದೆ, ಹಾರುತ್ತದೆ, ನಿಮ್ಮ ಕಡೆಗೇ ನುಗ್ಗಿ ದಾರ ಸಡಿಲವಾಗುವಂತೆ ಮಾಡುತ್ತದೆ. ಚಿನೂಕ್ ಹತ್ತು ಹದಿನೈದು ಕಿಲೋ ತೂಗುವುದು ಅಪರೂಪವಲ್ಲ. ಅಲಾಸ್ಕಾದ ಕೀನೈ ನದಿಯಲ್ಲಿ 1985ರಲ್ಲಿ ಲೆಸ್ ಆಂಡರ್ಸನ್ ಎಂಬವರು ಹಿಡಿದ ಚಿನೂಕ್ 97 ಪೌಂಡ್ ದಾಟಿತ್ತು, ಅಂದರೆ 44 ಕಿಲೋ. ಅದರ ದವಡೆಯ ಎಲುಬನ್ನು ಹಿಡಿದು ನಿಲ್ಲಲು ದಪ್ಪ ಉಕ್ಕಿನ 4/0 ಅಥವಾ 5/0 ಬೇಕು. ಚಮ್ ಸಾಲ್ಮನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬರುವ ನವೆಂಬರ್ ಮಳೆಯಲ್ಲಿ ನಿಂತವರಿಗೆ ಅದರ ಹಲ್ಲು ದಾರವನ್ನು ಏನು ಮಾಡುತ್ತದೆಂಬುದು ತಾನಾಗಿ ತಿಳಿಯುತ್ತದೆ.

ಅಳತೆಗಿಂತ ನಾನು ಹೆಚ್ಚು ಗಮನ ಕೊಡುವುದು ಮೊನೆಗೆ. ಹೆಬ್ಬೆರಳಿನ ಉಗುರಿನ ಮೇಲೆ ಗಾಳದ ಮೊನೆಯನ್ನು ಹಗುರವಾಗಿ ಎಳೆಯಬೇಕು. ಗೀರು ಬಿದ್ದು ಅಲ್ಲೇ ನಿಂತರೆ ಚೂಪಾಗಿದೆ, ಜಾರಿದರೆ ಮೊಂಡಾಗಿದೆ. ಮುಳ್ಳಿಲ್ಲದ ಗಾಳಕ್ಕೆ ಈ ಚೂಪೇ ಆಧಾರ. ಮುಳ್ಳು ದಾಟಿಸಬೇಕಾದ ಗಾಳ ದೊಡ್ಡ ತೂತು ಮಾಡಿಕೊಂಡು ಒಳಹೋಗಬೇಕು, ಅದಕ್ಕೆ ಹೆಚ್ಚು ಬಲ ಬೇಕು. ನುಣುಪು ಮೊನೆ ಸ್ವಲ್ಪವೇ ಸೆಳೆತಕ್ಕೆ ಬಾಗಿನವರೆಗೂ ಇಳಿದು ಕೂರುತ್ತದೆ. ಹಾಗಾಗಿ ಮುಳ್ಳಿಲ್ಲದಿದ್ದರೆ ಮೀನೆಲ್ಲ ತಪ್ಪಿಸಿಕೊಳ್ಳುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಾರ ಬಿಗಿಯಾಗಿರುವವರೆಗೆ ಗಾಳ ಜಾಗ ಬಿಡುವುದಿಲ್ಲ. ಬಿಟ್ಟರೆ ಅದು ಕೈಯ ದೋಷ. ಕಲ್ಲಿಗೆ ಒಮ್ಮೆ ತಾಗಿದ ಗಾಳವನ್ನು ಉಗುರಿನ ಮೇಲೆ ಎಳೆದು ನೋಡದೆ ಮತ್ತೆ ನೀರಿಗೆ ಎಸೆಯುವವರನ್ನು ಕಂಡರೆ ನನಗೆ ಇಂದಿಗೂ ಕಸಿವಿಸಿ. ತುಕ್ಕು ಹಿಡಿಯದ ಉಕ್ಕಿನ ಗಾಳವನ್ನು ನಾನು ಕೊಳ್ಳುವುದಿಲ್ಲ. ದಾರ ಕಡಿದು ಗಾಳ ಮೀನಿನ ಬಾಯಲ್ಲೇ ಉಳಿದರೆ, ಸಾಧಾರಣ ಉಕ್ಕಿನದಾದರೆ ತುಕ್ಕು ಹಿಡಿದು ಸವೆಯುತ್ತದೆ.

ಈ ವಿಚಾರದಲ್ಲಿ ನನ್ನ ಮನಸ್ಸನ್ನು ತಿದ್ದಿದ ಇನ್ನೊಂದು ಗಾಳ ಸಾಲ್ಮನ್‌ನದ್ದಲ್ಲ. ಆ ವಾಯವ್ಯ ಕರಾವಳಿಯ ಮಕಾ ಮತ್ತಿತರ ಮೂಲನಿವಾಸಿ ಜನ ಹ್ಯಾಲಿಬಟ್ ಎಂಬ ಚಪ್ಪಟೆ ಮೀನಿಗೆಂದು ಮರದ ಗಾಳ ಮಾಡುತ್ತಿದ್ದರು. ಗಟ್ಟಿ ಮರದ ಸೀಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ, ಎಲುಬಿನ ಮೊನೆ ಕಟ್ಟಿದ್ದು. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಅಂಥದ್ದನ್ನು ನೋಡುತ್ತ ನಾನು ಬಹಳ ಹೊತ್ತು ನಿಂತಿದ್ದೆ. ಎಲುಬಿನ ಮೊನೆಗೂ ಮರದ ತೋಳಿಗೂ ನಡುವಿನ ಸಂದನ್ನು ಎಷ್ಟು ಬಿಡುತ್ತಾರೋ ಅದರ ಮೇಲೆ ಯಾವ ಗಾತ್ರದ ಮೀನು ಸಿಗುತ್ತದೆಂಬುದು ನಿರ್ಧಾರವಾಗುತ್ತಿತ್ತು. ತೀರ ಸಣ್ಣದಕ್ಕೆ ಅದು ಬಾಯಿಗೆ ಹಿಡಿಯುವುದಿಲ್ಲ. ತೀರ ದೊಡ್ಡದರ, ಅಂದರೆ ಹೆಚ್ಚು ಮೊಟ್ಟೆಯಿಡುವ ತಾಯಿಮೀನಿನ ತುಟಿ ಆ ಸಂದಿನಲ್ಲಿ ತೂರುವುದಿಲ್ಲ. ನಡುವಿನವು ಮಾತ್ರ ಸಿಗುತ್ತವೆ. ದಾರಕ್ಕೆ ಅವರು ಬಳಸುತ್ತಿದ್ದದ್ದು ಕೆಲ್ಪ್ ಎಂಬ ಕಡಲಪಾಚಿಯ ಉದ್ದ ದಂಟು, ಸೀಡರ್ ಎಂಬ ಮರದ ನಾರು, ತುರಿಚೆ ಗಿಡದ ನಾರು. ಹಿಡಿಯುವ ಮೊದಲೇ ಯಾವುದನ್ನು ಹಿಡಿಯಬಾರದೆಂದು ಯೋಚಿಸಿ ಮಾಡಿದ ಆ ಗಾಳಕ್ಕಿಂತ ಜಾಣ ಗಾಳವನ್ನು ನಾನು ಯಾವ ಅಂಗಡಿಯ ಗೋಡೆಯಲ್ಲೂ ಕಂಡಿಲ್ಲ.

ದಾರದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇನ್ನೂ ಖಡಕ್ಕಾಗಿದೆ.

ನೈಲಾನ್ ಬರುವ ಮುಂಚೆ ಗಾಳದ ಹತ್ತಿರದ ಕೊನೆಯ ತುಂಡಿಗೆ ರೇಷ್ಮೆ ಹುಳುವನ್ನೇ ಬಳಸುತ್ತಿದ್ದರು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಅದರ ರೇಷ್ಮೆ ಗ್ರಂಥಿಯನ್ನು ತೆಗೆದು ಎಳೆದರೆ ಒಂದು ಗಟ್ಟಿ ಎಳೆ ಸಿಗುತ್ತದೆ. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರಾಗಿತ್ತು. 1935ರಲ್ಲಿ ಡುಪಾಂಟ್ ಕಂಪನಿಯ ವ್ಯಾಲೇಸ್ ಕರೋಥರ್ಸ್ ಅವರ ಪ್ರಯೋಗಾಲಯದಲ್ಲಿ ನೈಲಾನ್ ಹುಟ್ಟಿದ ಮೇಲೆ ಆ ಕಸುಬು ನಿಧಾನಕ್ಕೆ ಮುಗಿಯಿತು. ಈಗ ಅಂಗಡಿಯಲ್ಲಿ ಮೂರು ಬಗೆ. ಒಂದು ನೈಲಾನಿನ ಒಂಟಿ ಎಳೆ. ಎರಡನೆಯದು ಫ್ಲೂರೋಕಾರ್ಬನ್, 1970ರ ದಶಕದಲ್ಲಿ ಜಪಾನಿನ ಕುರೇಹಾ ಕಂಪನಿ ಬಳಕೆಗೆ ತಂದದ್ದು. ಮೂರನೆಯದು ಪಾಲಿಎಥಿಲೀನಿನ ಸೂಕ್ಷ್ಮ ಎಳೆಗಳನ್ನು ಹೆಣೆದ ದಾರ.

ನೈಲಾನ್ ಹಿಗ್ಗುತ್ತದೆ. ಮೀನು ತಟ್ಟನೆ ತಲೆ ಒದರಿದಾಗ ಆ ಹಿಗ್ಗೇ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಪಿಂಕ್‌ನ ಮೆದು ಬಾಯಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದು ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಬೀಳುತ್ತ ಬೀಳುತ್ತ ಒರಟಾಗುತ್ತದೆ. ಪ್ರತಿ ಹಂಗಾಮಿಗೂ ರೀಲಿನ ದಾರ ಬದಲಿಸದವರ ಜೊತೆ ನಾನು ಸಾಲ್ಮನ್‌ಗೆ ಹೋಗಲು ಇಷ್ಟಪಡುವುದಿಲ್ಲ. ಹೆಣೆದ ದಾರ ಹಿಗ್ಗುವುದಿಲ್ಲ. 30 ಪೌಂಡ್ ತಾಳುವ ಹೆಣೆದ ದಾರ 8 ಪೌಂಡಿನ ನೈಲಾನಿನಷ್ಟೇ ತೆಳ್ಳಗಿರುತ್ತದೆ. ದೂರ ಎಸೆಯಬಹುದು, ಆಳದಲ್ಲಿ ಮೀನು ಮೂಸಿದರೂ ಬೆರಳಿಗೆ ತಿಳಿಯುತ್ತದೆ. ಅದರಲ್ಲಿ ಮೀನು ಇರುವಾಗ ಬರಿಗೈಯಲ್ಲಿ ದಾರ ಹಿಡಿದರೆ ಬೆರಳು ಕೊಯ್ಯುತ್ತದೆ, ಅದನ್ನೂ ಹೇಳಿಬಿಡಬೇಕು. ಫ್ಲೂರೋಕಾರ್ಬನ್ ಬೆಳಕನ್ನು ಬಾಗಿಸುವ ಪ್ರಮಾಣ ನೈಲಾನಿಗಿಂತ ನೀರಿನದಕ್ಕೆ ಹತ್ತಿರ. ನೀರಿಗೆ 1.33, ಫ್ಲೂರೋಕಾರ್ಬನ್‌ಗೆ 1.42, ನೈಲಾನಿಗೆ 1.53ರ ಆಸುಪಾಸು. ತಿಳಿನೀರಿನಲ್ಲಿ ಅದು ಕಣ್ಣಿಗೆ ಕಡಿಮೆ ಬೀಳುತ್ತದೆ, ನೀರು ಕುಡಿಯುವುದಿಲ್ಲ, ಕಲ್ಲಿಗೆ ಉಜ್ಜಿದರೂ ತಾಳುತ್ತದೆ. ಹಾಗಾಗಿ ರೀಲಿನಲ್ಲಿ ಹೆಣೆದ ದಾರ, ಗಾಳದ ಮುಂದಿನ ಲೀಡರ್ ತುಂಡಿಗೆ ಫ್ಲೂರೋಕಾರ್ಬನ್ ಅಥವಾ ನೈಲಾನ್, ಇದು ಬಹುಮಂದಿಯ ಜೋಡಣೆ, ನನ್ನದೂ ಅದೇ. ಲೀಡರ್ ಯಾವಾಗಲೂ ರೀಲಿನ ದಾರಕ್ಕಿಂತ ಬಲದಲ್ಲಿ ಕಡಿಮೆ ಇರಬೇಕು. ಕಡಿಯುವುದಾದರೆ ಗಾಳದ ಹತ್ತಿರವೇ ಕಡಿಯಲಿ, ನದಿಯಲ್ಲಿ ಐವತ್ತು ಗಜ ಹೆಣೆದ ದಾರ ಉಳಿಯುವುದು ಬೇಡ. ಅದು ನೀರುಕೋಳಿಯ ಕಾಲಿಗೆ ಸುತ್ತಿಕೊಂಡರೆ ತಾನಾಗಿ ಬಿಚ್ಚುವುದಿಲ್ಲ.

ಇನ್ನು ತೆಳುದಾರದ ಪ್ರಶ್ನೆ. ಪ್ರತಿ ದಂಡೆಯಲ್ಲೂ 6 ಪೌಂಡಿನ ದಾರದಲ್ಲಿ ದೊಡ್ಡ ಮೀನು ಹಿಡಿದ ಕಥೆ ಹೇಳುವವರಿರುತ್ತಾರೆ. ಅರ್ಧ ಗಂಟೆ ಆಡಿಸಿದೆ, ಮೀನಿಗೂ ಒಂದು ಅವಕಾಶ ಕೊಟ್ಟೆ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ನಡೆಯುವುದು ಬೇರೆ. ಸಾಲ್ಮನ್ ಕಡಲಿನಿಂದ ನದಿಗೆ ಬಂದ ಮೇಲೆ ತಿನ್ನುವುದನ್ನು ನಿಲ್ಲಿಸಿಬಿಡುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಅದು ಪ್ರವಾಹ ಹತ್ತಬೇಕು, ಜೊತೆ ಹುಡುಕಬೇಕು, ಹೆಣ್ಣಾದರೆ ಬಾಲದಿಂದ ಜಲ್ಲಿ ಅಗೆದು ಗುಂಡಿ ಮಾಡಬೇಕು. ಅರ್ಧ ಗಂಟೆಯ ಎಳೆದಾಟದಲ್ಲಿ ಆ ಗಂಟು ಖರ್ಚಾಗುತ್ತದೆ, ಸ್ನಾಯುಗಳಲ್ಲಿ ಆಮ್ಲ ತುಂಬುತ್ತದೆ. ಬಿಟ್ಟಾಗ ಈಜಿಕೊಂಡೇ ಹೋದ ಮೀನು ಗಂಟೆಗಳ ನಂತರ ಸಾಯಬಹುದು, ಬೇಸಿಗೆಯ ಬೆಚ್ಚನೆಯ ನೀರಿನಲ್ಲಂತೂ ಈ ಅಪಾಯ ಹೆಚ್ಚು. ಆದ್ದರಿಂದ ಮೀನು ಕಚ್ಚಲು ಹಿಂಜರಿಯದಷ್ಟು ದಪ್ಪದ ಮಿತಿಯೊಳಗೆ, ಇರುವುದರಲ್ಲೇ ಬಲವಾದ ದಾರವೇ ಕರುಣೆಯ ದಾರ. ಕೋಹೋಗೆ 12ರಿಂದ 15 ಪೌಂಡ್, ಚಿನೂಕ್‌ಗೆ 20ರಿಂದ 25 ಪೌಂಡಿನ ಲೀಡರ್ ಕಟ್ಟುತ್ತೇನೆ. ಕೆಲವೇ ನಿಮಿಷದಲ್ಲಿ ಮೀನು ಕಾಲಬುಡಕ್ಕೆ ಬಂದಿರಬೇಕು.

ಅಪ್ಪಯ್ಯ ಒಂದು ಬೇಸಿಗೆಯ ಕೊನೆಗೆ ನಮ್ಮಲ್ಲಿಗೆ ಬಂದರು. ಮೊದಲು ಕರೆದುಕೊಂಡು ಹೋಗಿದ್ದು ಬ್ಯಾಲರ್ಡ್ ಲಾಕ್ಸ್‌ಗೆ. ಸಿಹಿನೀರಿನ ಸರೋವರಗಳನ್ನು ಕಡಲಿಗೆ ಜೋಡಿಸುವ ಆ ತೂಬು 1917ರಲ್ಲಿ ಉದ್ಘಾಟನೆಯಾದದ್ದು. ಪಕ್ಕದಲ್ಲೇ ಮೀನು ಹತ್ತಲು ಕಟ್ಟಿದ 21 ಮೆಟ್ಟಿಲುಗಳಿವೆ, ನೆಲದೊಳಗಿನ ಕೋಣೆಯಲ್ಲಿ ಗಾಜಿನ ಕಿಟಕಿಗಳಿವೆ. ಕಿಟಕಿಯಾಚೆ ಸಾಲ್ಮನ್‌ಗಳು ಪ್ರವಾಹಕ್ಕೆ ಮೂತಿಕೊಟ್ಟು ನಿಂತು ದಣಿವಾರಿಸಿಕೊಳ್ಳುತ್ತಿದ್ದವು. ಅಪ್ಪಯ್ಯ ಕಿಟಕಿಯ ಹತ್ತಿರ ಹೋಗಿ ಹಣೆ ತಾಗಿಸಿ ನೋಡಿದರು. "ಇವು ಹತ್ತುಮೀನು ಕಣೋ," ಎಂದರು. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಹತ್ತುವ ಮೀನನ್ನು ನಾವು ಹಾಗೆಯೇ ಕರೆಯುವುದು. ಆ ರಾತ್ರಿಗಳಲ್ಲಿ ಲಾಟೀನು ಹಿಡಿದು, ಕತ್ತಿ ಹಿಡಿದು, ಕೂಣಿ ಒಡ್ಡಿ ಊರಿಗೆ ಊರೇ ಹಳ್ಳದಲ್ಲಿರುತ್ತಿತ್ತು. ಈಗ ಹತ್ತುವ ಮೀನು ಬಹಳ ಕಡಿಮೆಯಾಗಿದೆ ಎಂದು ಅವರೇ ಅಂದರು. ಕಿಟಕಿಯ ಎದುರು ನಿಂತಿದ್ದ ಮಕ್ಕಳಿಗೆ ಜಾಗ ಬಿಟ್ಟುಕೊಟ್ಟು, ಅವರು ಹೋದ ಮೇಲೆ ಮತ್ತೆ ಬಂದು ನಿಂತರು.

ಅಲ್ಪಾವಧಿಯ ಲೈಸೆನ್ಸ್ ತೆಗೆಸಿ, ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವರನ್ನು ಸ್ಕೈಕೊಮಿಷ್ ನದಿಗೆ ಕರೆದುಕೊಂಡು ಹೋದೆ. ಕ್ಯಾಸ್ಕೇಡ್ ಪರ್ವತಗಳಿಂದ ಇಳಿದು ಬರುವ ಆ ನದಿ ಮನ್ರೋ ಊರಿನ ಬಳಿ ಸ್ನೋಕ್ವಾಲ್ಮಿಯನ್ನು ಕೂಡಿ ಸ್ನೋಹೊಮಿಷ್ ಆಗುತ್ತದೆ. ಗಾಳ ಕಟ್ಟಿ ಕೊಟ್ಟೆ. ಅವರು ಹಳೆಯ ರೂಢಿಯಂತೆ ಉಗುರಿನಿಂದ ಮೀಟಲು ಹೋದರು.

"ಮುಳ್ಳೇ ಇಲ್ವಲ್ಲೋ ಇದಕ್ಕೆ?"

"ಇರಬಾರದು ಅಪ್ಪಯ್ಯ. ಬಿಡೋ ಮೀನು ಬಂದ್ರೆ ನೋವಾಗದ ಹಾಗೆ ಕಳಚಬೇಕು."

"ನಿಲ್ಲುತ್ತಾ?"

"ದಾರ ಸಡಿಲ ಬಿಡದಿದ್ರೆ ನಿಲ್ಲುತ್ತೆ."

ಅವರು ಗಾಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾದ್ರೆ ಹಿಡಿಯೋನಿಗೆ ಕೈ ಬರ್ಬೇಕು," ಎಂದರು. ರೀಲು ಅವರಿಗೆ ಹೊಸದು, ಆದರೆ ಕೋಲಿನ ತುದಿಯ ಮಾತು ಅವರಿಗೆ ಗೊತ್ತಿತ್ತು. ಬಹಳ ಹೊತ್ತಾದ ಮೇಲೆ ಕೋಹೋ ಒಂದು ಕಚ್ಚಿತು. ಎರಡು ಸಲ ಹಾರಿತು. ಅದು ಹಾರಿದಾಗಲೆಲ್ಲ ಅವರು ಕೋಲಿನ ತುದಿ ತಗ್ಗಿಸಿದರು, ಬಿದ್ದೊಡನೆ ಎತ್ತಿದರು, ಯಾರೂ ಹೇಳಿಕೊಡದೆಯೇ. ಮೀನು ಮೊಣಕಾಲುದ್ದದ ನೀರಿಗೆ ಬಂದಾಗ ನಾನು ಇಳಿದು ಬೆನ್ನಿನ ಹಿಂಭಾಗ ನೋಡಿದೆ. ಪುಟ್ಟ ರೆಕ್ಕೆ ಇತ್ತು. ಅಲ್ಲಿ ಆ ಹಂಗಾಮಿನಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅಪ್ಪಯ್ಯನೂ ಬಗ್ಗಿ ನೋಡಿದರು, ಇಕ್ಕಳ ತಾವೇ ಕೇಳಿ ತೆಗೆದುಕೊಂಡರು. ಗಾಳ ದವಡೆಯ ಮೂಲೆಯಲ್ಲಿತ್ತು. ಒಂದು ತಿರುವಿಗೆ ಕಳಚಿತು. ಮೀನಿನ ಮೂತಿಯನ್ನು ಪ್ರವಾಹಕ್ಕೆ ತಿರುಗಿಸಿ, ಬಾಲದ ಬುಡ ಹಿಡಿದು, ಅದು ತಾನಾಗಿ ಕೊಸರುವವರೆಗೆ ಹಾಗೆಯೇ ನಿಂತಿದ್ದರು.

"ಎಲ್ಲೀವರೆಗೆ ಹತ್ತುತ್ತೆ ಇದು?" ಎಂದು ಕೇಳಿದರು.

ಮೇಲೆ ನದಿ ಎರಡು ಕವಲಾಗುತ್ತದೆ, ದಕ್ಷಿಣದ ಕವಲಿನಲ್ಲಿ ಸನ್‌ಸೆಟ್ ಫಾಲ್ಸ್ ಎಂಬ ಜಲಪಾತವಿದೆ, ಅದನ್ನು ಮೀನು ಹತ್ತಲಾರದು ಎಂದೆ. 1958ರಿಂದ ಅಲ್ಲಿ ಮೀನುಗಳನ್ನು ತೊಟ್ಟಿಗೆ ಹತ್ತಿಸಿಕೊಂಡು, ಲಾರಿಯಲ್ಲಿ ಜಲಪಾತದ ಮೇಲಕ್ಕೆ ಒಯ್ದು ನೀರಿಗೆ ಬಿಡುತ್ತಾರೆ, ಅಲ್ಲಿಂದ ಮುಂದೆ ಮೈಲುಗಟ್ಟಲೆ ಹೊಳೆ ಅವಕ್ಕೆ ತೆರೆದಿದೆ ಎಂದೆ. ಅಪ್ಪಯ್ಯ ಆ ಲಾರಿಯ ವಿವರವನ್ನು ಎರಡು ಸಲ ಹೇಳಿಸಿದರು: ನೀರು ಎಷ್ಟು ತುಂಬುತ್ತಾರೆ, ಗಾಳಿ ಹೇಗೆ ಊದುತ್ತಾರೆ, ಖರ್ಚು ಯಾರದ್ದು. ಊರಿಗೆ ಮರಳಿದ ಮೇಲೆ ಅವರು ಜನರಿಗೆ ಹೇಳಿದ್ದೂ ಹೆಚ್ಚಾಗಿ ಆ ಲಾರಿಯ ಕಥೆಯನ್ನೇ.

ಈಗ ಸಿಯಾಟಲ್ ಸುತ್ತಿನ ಬಾತೆಲ್, ರೆಡ್ಮಂಡ್ ಕಡೆ ಕನ್ನಡದ ಹುಡುಗ ಹುಡುಗಿಯರು ಬಹಳ ಮಂದಿ ಇದ್ದಾರೆ. ಜುಲೈ ಬಂತೆಂದರೆ ಕೆಲವರು ಫೋನ್ ಮಾಡಿ ಏನೇನು ಕೊಳ್ಳಬೇಕೆಂದು ಕೇಳುತ್ತಾರೆ. ದುಬಾರಿ ಕೋಲಿಗೆ ಹಣ ಹಾಕಬೇಡಿ ಎನ್ನುತ್ತೇನೆ. ಒಳ್ಳೆಯ ಇಕ್ಕಳ, ಗಂಟಿಲ್ಲದ ರಬ್ಬರ್ ಬಲೆ, ಮುಳ್ಳಿಲ್ಲದ 1/0 ಒಂಟಿ ಗಾಳದ ಒಂದು ಪೊಟ್ಟಣ, 12 ಪೌಂಡಿನ ಲೀಡರ್ ದಾರ, ಗುಲಾಬಿ ಬಣ್ಣದ ಒಂದೆರಡು ಆಮಿಷ. ಆ ವರ್ಷದ ನಿಯಮದ ಪುಸ್ತಕವನ್ನು ಪೂರ್ತಿ ಓದಿ, ನಿಯಮ ಒಂದು ದಂಡೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಹಂಗಾಮಿನ ನಡುವೆಯೂ ಬದಲಾಗುತ್ತದೆ. ಇಷ್ಟನ್ನು ಫೋನಿನಲ್ಲಿ ಹೇಳಬಹುದು. ಗಂಟು ಹಾಕುವುದನ್ನು ಮಾತ್ರ ಹೇಳಲಾಗುವುದಿಲ್ಲ. ಎಷ್ಟು ಸುತ್ತು, ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡುವುದು ಹೇಗೆ, ಬಿಗಿದ ಮೇಲೆ ಎಳೆದು ಪರೀಕ್ಷಿಸುವುದು ಹೇಗೆ ಎಂಬುದನ್ನು ಕೈಯಿಂದ ಕೈಗೇ ದಾಟಿಸಬೇಕು. ಅದಕ್ಕೆ ಶನಿವಾರ ಬೆಳಿಗ್ಗೆ ಮನೆಗೆ ಬನ್ನಿ, ದಾರ ನಾನೇ ಇಟ್ಟಿರುತ್ತೇನೆ ಎನ್ನುತ್ತೇನೆ.